ಕೌಬಾಯ್ ಚಿತ್ರಗಳಲ್ಲಿ ತಪ್ಪು ಹಿಡಿಯುವುದು ಹೇಗೆ: ಮೊದಲು ಇಸವಿ, ಆಮೇಲೆ ಪಿಸ್ತೂಲು

ಹಳೆಯ ಕೌಬಾಯ್ ಚಿತ್ರದಲ್ಲಿ ತಪ್ಪು ಹುಡುಕಲು ಕುಳಿತವರು ಆಕಾಶದಲ್ಲಿ ವಿಮಾನದ ಹೊಗೆಗೆರೆ ಇದೆಯೇ, ಯಾರ ಮಣಿಕಟ್ಟಿನಲ್ಲಾದರೂ ವಾಚು ಮಿಂಚಿತೇ ಎಂದು ನೋಡುತ್ತಾರೆ. ಅಂಥವು ಸಿಗುವುದು ಅಪರೂಪ. ಹೇರಳವಾಗಿ ಸಿಗುವ ತಪ್ಪುಗಳು ನಾಯಕನ ಸೊಂಟದಲ್ಲೇ ನೇತಾಡುತ್ತಿರುತ್ತವೆ. ಕಥೆ ಯಾವ ಇಸವಿಯದು ಎಂದು ಗೊತ್ತಿಲ್ಲದವರಿಗೆ ಮಾತ್ರ ಅವು ಕಣ್ಣಿಗೆ ಬೀಳುವುದಿಲ್ಲ.

ಇಸವಿ ಕಟ್ಟಿಹಾಕುವುದು

ಕೆಲವು ಚಿತ್ರಗಳು ಇಸವಿಯನ್ನು ತಾವೇ ಹೇಳಿಬಿಡುತ್ತವೆ. ‘ದಿ ಸರ್ಚರ್ಸ್’ (1956) ಶುರುವಾಗುವುದೇ ‘ಟೆಕ್ಸಸ್ 1868’ ಎಂಬ ಬರಹದಿಂದ. ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ (1946) ಚಿತ್ರದಲ್ಲಿ ಸಮಾಧಿಯ ಮೇಲೆ 1882 ಎಂದಿದೆ. ಸಮಾಧಿ, ಪತ್ರಿಕೆಯ ತಲೆಬರಹ, ಗೋಡೆಗೆ ಅಂಟಿಸಿದ ಬಹುಮಾನದ ಚೀಟಿ, ಕಾಗದದ ಮೇಲಿನ ತಾರೀಖು ಎಲ್ಲಿ ಕಂಡರೂ ಚಿತ್ರವನ್ನು ನಿಲ್ಲಿಸಿ ಬರೆದುಕೊಳ್ಳಿ.

ಇಸವಿ ಹೇಳದ ಚಿತ್ರಗಳಲ್ಲಿ ಹೆಸರುಗಳನ್ನು ಹಿಡಿಯಬೇಕು. ‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ (1966) ಇಸವಿ ಹೇಳುವುದಿಲ್ಲ, ಆದರೆ ಅಮೆರಿಕದ ಅಂತರ್ಯುದ್ಧದ ಜನರಲ್ ಸಿಬ್ಲಿಯ ಹೆಸರು ಬರುತ್ತದೆ. ಸಿಬ್ಲಿ ನ್ಯೂ ಮೆಕ್ಸಿಕೋದಲ್ಲಿ ದಂಡಯಾತ್ರೆ ನಡೆಸಿದ್ದು 1862ರಲ್ಲಿ. ಅಲ್ಲಿಗೆ ಚಿತ್ರದ ಇಸವಿ ಸಿಕ್ಕಿತು. ಅದೇ ಚಿತ್ರದ ಸೆರೆಶಿಬಿರದ ಮಾತುಕತೆಯಲ್ಲಿ ಆಂಡರ್ಸನ್‌ವಿಲ್ ಕೂಡ ಬರುತ್ತದೆ. ಆ ಸೆರೆಮನೆ ತೆರೆದದ್ದು 1864ರ ಫೆಬ್ರವರಿಯಲ್ಲಿ. ಹೀಗೆ ಒಂದೇ ಚಿತ್ರದೊಳಗೆ ಎರಡು ಇಸವಿಗಳು ಜಗಳವಾಡಿದರೆ ನಿಮ್ಮ ಮೊದಲ ಟಿಪ್ಪಣಿ ಸಿದ್ಧ. ಖಚಿತ ವರ್ಷ ಸಿಗದಿದ್ದರೆ ಎರಡು ಅಂಚುಗಳನ್ನು ಬರೆಯಿರಿ. ‘ಸ್ಟೇಜ್‌ಕೋಚ್’ (1939) ಕಥೆಯಲ್ಲಿ ಅಪಾಚಿ ಬುಡಕಟ್ಟಿನ ನಾಯಕ ಜೆರೊನಿಮೋ ಇನ್ನೂ ಯುದ್ಧದಲ್ಲಿದ್ದಾನೆ. ಅವನು ಕೊನೆಯ ಸಲ ಶರಣಾದದ್ದು 1886ರ ಸೆಪ್ಟೆಂಬರಿನಲ್ಲಿ, ಆದ್ದರಿಂದ ಕಥೆ ಅದಕ್ಕಿಂತ ಈಚಿನದಾಗಲು ಸಾಧ್ಯವಿಲ್ಲ. ಇಷ್ಟು ಸಾಕು.

ಸುದ್ದಿ ಎಷ್ಟು ವೇಗವಾಗಿ ಹರಡುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲಿಟ್ಲ್ ಬಿಗ್‌ಹಾರ್ನ್ ಯುದ್ಧ ನಡೆದದ್ದು 1876ರ ಜೂನ್ 25 ಮತ್ತು 26ರಂದು. ಅದರಲ್ಲಿ ಸೇನಾಧಿಕಾರಿ ಕಸ್ಟರ್ ಸತ್ತ ಸುದ್ದಿ ದೇಶದಲ್ಲೆಲ್ಲ ಹಬ್ಬಿದ್ದು ಜುಲೈ ಮೊದಲ ವಾರದಲ್ಲಿ. ಜೂನ್ 28ರಂದು ಕ್ಯಾನ್ಸಸ್‌ನ ಸಲೂನಿನಲ್ಲಿ ಕುಳಿತವನೊಬ್ಬ ಅದರ ಬಗ್ಗೆ ಮಾತಾಡಿದರೆ ಅದು ತಪ್ಪು.

ಬಂದೂಕು, ರಿವಾಲ್ವರ್, ಗುಂಡು

ಎರಡು ಸಂಗತಿ ಬಾಯಿಪಾಠವಾಗಿರಲಿ. ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್ ಬಂದದ್ದು 1873ರಲ್ಲಿ. ವಿಂಚೆಸ್ಟರ್ 1892 ಬಂದೂಕು, ಹೆಸರೇ ಹೇಳುವಂತೆ, 1892ರದು. ಇಷ್ಟರಿಂದಲೇ ಅರ್ಧ ಹಾಲಿವುಡ್ ಸಿಕ್ಕಿಬೀಳುತ್ತದೆ. ‘ಸ್ಟೇಜ್‌ಕೋಚ್’ನಲ್ಲಿ ಜಾನ್ ವೇಯ್ನ್ ಗಿರ್ರನೆ ತಿರುಗಿಸುವ, ದೊಡ್ಡ ಬಳೆಯಂಥ ಲಿವರ್ ಇರುವ ಬಂದೂಕು 1892ರ ಮಾದರಿಯದು. ‘ದಿ ಸರ್ಚರ್ಸ್’ನ 1868ರಲ್ಲಂತೂ ಈ ಎರಡೂ ಆಯುಧಗಳು ಹುಟ್ಟುವ ಮೊದಲೇ ಕೆಲಸ ಮಾಡುತ್ತಿವೆ.

ಇದಕ್ಕೆ ಅಜ್ಞಾನ ಕಾರಣವಲ್ಲ. ಸ್ಟುಡಿಯೋಗಳ ಆಯುಧ ಕೋಣೆಗಳಲ್ಲಿ ರಾಶಿ ಬಿದ್ದಿದ್ದದ್ದು ಈ ಎರಡೇ. ಇನ್ನೊಂದು ದೊಡ್ಡ ಕಾರಣ ‘ಫೈವ್ ಇನ್ ಒನ್’ ಎಂಬ ಹುಸಿ ತೋಟಾ. ಒಂದೇ ತೋಟಾ .38-40 ಮತ್ತು .44-40 ಅಳತೆಯ ರಿವಾಲ್ವರಿಗೂ ರೈಫಲಿಗೂ, .45 ಕೋಲ್ಟ್ ರಿವಾಲ್ವರಿಗೂ ಹೊಂದುತ್ತಿತ್ತು. ಐವತ್ತು ಜನ ಕುದುರೆ ಸವಾರರಿಗೆ ಮರಳುಗಾಡಿನಲ್ಲಿ ತೋಟಾ ಹಂಚುವವನಿಗೆ ಇದಕ್ಕಿಂತ ದೊಡ್ಡ ವರ ಯಾವುದಿದೆ? ಕಾರಣ ಗೊತ್ತಿದ್ದರೆ ತಪ್ಪು ಎಲ್ಲಿ ಹೆಚ್ಚು ಎನ್ನುವುದೂ ಗೊತ್ತಾಗುತ್ತದೆ: 1920ರಿಂದ 1960ರವರೆಗೆ ತಯಾರಾದ, 1873ಕ್ಕೆ ಮುಂಚಿನ ಕಥೆಯ ಚಿತ್ರ ಕಂಡರೆ ಮೊದಲು ಆಯುಧ ನೋಡಿ.

ಗುರುತು ಹಿಡಿಯಲು ಬಂದೂಕಿನ ಪೂರ್ತಿ ಉದ್ದ ನೋಡಬೇಕಾಗಿಲ್ಲ, ಲಿವರಿನ ಮೇಲಿನ ಲೋಹದ ಪೆಟ್ಟಿಗೆಯಷ್ಟೇ ಸಾಕು. ಹಿತ್ತಾಳೆಯಂತೆ ಹಳದಿಯಾಗಿದ್ದು, ನಳಿಗೆಯ ಕೆಳಗೆ ಕೈ ಹಿಡಿಯಲು ಮರ ಇಲ್ಲದಿದ್ದರೆ, ಬದಿಯಲ್ಲಿ ತೋಟಾ ತುಂಬುವ ಕಿಂಡಿಯೂ ಇಲ್ಲದಿದ್ದರೆ ಅದು 1860ರ ಹೆನ್ರಿ. ಹಳದಿಯಾಗಿದ್ದೂ ಮರ ಮತ್ತು ಕಿಂಡಿ ಎರಡೂ ಇದ್ದರೆ 1866ರ ವಿಂಚೆಸ್ಟರ್. ಪೆಟ್ಟಿಗೆಯ ಬದಿಯಲ್ಲಿ ಪ್ರತ್ಯೇಕ ತಗಡು ಕೂರಿಸಿದ್ದು ಕಾಣುತ್ತಿದ್ದು, ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಧೂಳುಮುಚ್ಚಳ ಇದ್ದರೆ 1873. ಬದಿ ನುಣ್ಣಗಿದ್ದು, ಹ್ಯಾಮರಿನ (ತೋಟಾ ಸಿಡಿಸುವ ಸುತ್ತಿಗೆ) ಪಕ್ಕದಲ್ಲಿ ಲಿವರ್ ಎಳೆದಾಗ ಕೆಳಗಿಳಿಯುವ ಎರಡು ಲಂಬ ಬೋಲ್ಟುಗಳು ಕಂಡರೆ 1892. ಮರ ಕಿತ್ತ 1866ನ್ನು ಹೆನ್ರಿ ಎಂದು ತೋರಿಸುವುದು ಹಳೆಯ ಚಾಳಿ. ಬದಿಯ ಕಿಂಡಿ ಆ ಗುಟ್ಟನ್ನು ರಟ್ಟು ಮಾಡುತ್ತದೆ.

ರಿವಾಲ್ವರಿನ ವಿಷಯ ಕೊಂಚ ಸೂಕ್ಷ್ಮ. ಅಂತರ್ಯುದ್ಧದ ಕಾಲದ ಕೋಲ್ಟ್ 1851 ನೇವಿಗೆ ಸಿಲಿಂಡರಿನ ಮೇಲೆ ಲೋಹದ ಪಟ್ಟಿ ಇರುವುದಿಲ್ಲ, ನಳಿಗೆಯ ಕೆಳಗೆ ಗುಂಡು ಅದುಮುವ ಸನ್ನೆಕೋಲು ಇರುತ್ತದೆ. ಅದಕ್ಕೆ ಮದ್ದು, ಸೀಸದ ಗುಂಡು, ಹಿಂಬದಿಗೆ ಸಿಡಿಟೋಪಿ ಬೇರೆಬೇರೆಯಾಗಿ ತುಂಬಬೇಕು. ಆರೂ ಗೂಡು ತುಂಬಲು ನಿಮಿಷಗಳು ಬೇಕು. ‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ಯಲ್ಲಿ ಕ್ಲಿಂಟ್ ಈಸ್ಟ್‌ವುಡ್‌ ಕೈಯಲ್ಲಿರುವುದು 1851 ನೇವಿಯೇ, ಆದರೆ ಲೋಹದ ತೋಟಾ ಹಾಕುವಂತೆ ಮಾರ್ಪಡಿಸಿದ್ದು. ಆರಪಾರ ಕೊರೆದ ಸಿಲಿಂಡರಿನ ಪೇಟೆಂಟ್ 1869ರವರೆಗೆ ಸ್ಮಿತ್ ಆ್ಯಂಡ್ ವೆಸನ್ ಕೈಯಲ್ಲಿತ್ತು, ಹಾಗಾಗಿ ಅಂಥ ಕೋಲ್ಟ್‌ಗಳು ಬಂದದ್ದು 1870ರ ದಶಕದಲ್ಲಿ. ಹಾಗೆಂದು ‘1862ರಲ್ಲಿ ತೋಟಾ ಹಾಕುವ ರಿವಾಲ್ವರೇ ಇರಲಿಲ್ಲ’ ಎಂದು ಬರೆದರೆ ಎಡವಿದವರು ನೀವೇ. ಸ್ಮಿತ್ ಆ್ಯಂಡ್ ವೆಸನ್ 1857ರಿಂದಲೇ .22 ಅಳತೆಯ ಪುಟ್ಟ ರಿವಾಲ್ವರ್ ಮಾರುತ್ತಿತ್ತು. ತಪ್ಪು ಹಿಡಿಯುವವರ ಟಿಪ್ಪಣಿಗಳಲ್ಲಿ ತಪ್ಪು ಹೆಚ್ಚು ಕಾಣುವುದು ಇಂಥ ‘ಇರಲೇ ಇಲ್ಲ’ ಎಂಬ ಮಾತುಗಳಲ್ಲೇ.

ಇದೇ ಚಿತ್ರದಲ್ಲಿ ಸೇತುವೆ ಉರುಳಿಸಲು ಬಳಸುವ ಡೈನಮೈಟ್‌ಗೆ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದದ್ದು 1867ರಲ್ಲಿ. ‘ದಿ ವೈಲ್ಡ್ ಬಂಚ್’ (1969) ಇನ್ನೊಂದು ತುದಿಯ ಉದಾಹರಣೆ: ಕಥೆ 1913ರದು, ಕೊನೆಯ ಕಾಳಗದ ಮೆಷಿನ್‌ಗನ್ನು ಬ್ರೌನಿಂಗ್‌ನ 1917ರ ಮಾದರಿ. ಅದೇ ಚಿತ್ರದಲ್ಲಿ 1911 ಮಾದರಿಯ ಕೋಲ್ಟ್ ಎಂದು ತೋರಿಸುವ ಪಿಸ್ತೂಲು ಮಾತ್ರ ಇಸವಿಗೆ ಹೊಂದುತ್ತದೆ. ‘ಕೌಬಾಯ್ ಕೈಯಲ್ಲಿ ಆಟೊಮ್ಯಾಟಿಕ್ ಪಿಸ್ತೂಲೇ!’ ಎಂದು ಹುಬ್ಬೇರಿಸುವ ಮುನ್ನ ಇಸವಿ ನೋಡಿ ಎನ್ನುವುದು ಇದಕ್ಕೇ.

ಗುಂಡು ಎಣಿಸುವುದು ಎಲ್ಲರಿಗೂ ಇಷ್ಟವಾದ ಆಟ, ಎಲ್ಲರೂ ಸೋಲುವ ಆಟವೂ ಹೌದು. ಕೋಲ್ಟ್‌ನಲ್ಲಿ ಆರು ಗೂಡು, ಆದರೆ ಜೋಪಾನ ಉಳ್ಳವನು ಹ್ಯಾಮರಿನ ಕೆಳಗೆ ಒಂದು ಖಾಲಿ ಬಿಟ್ಟು ಐದೇ ತುಂಬುತ್ತಿದ್ದ. 1873ರ ವಿಂಚೆಸ್ಟರ್ ರೈಫಲಿನಲ್ಲಿ 15, ಗಿಡ್ಡ ಕಾರ್ಬೈನಿನಲ್ಲಿ 12. ಎಣಿಸುವ ಕ್ರಮ ಹೀಗೆ: ಹಾಳೆಯಲ್ಲಿ ಗುಂಡು ಹಾರಿಸುವ ಪ್ರತಿಯೊಬ್ಬನಿಗೂ ಒಂದು ಸಾಲು, ಗುಂಡು ಹಾರಿದಾಗ ಒಂದು ಗೀಟು, ಕ್ಯಾಮೆರಾ ಅವನನ್ನು ಬಿಟ್ಟು ಬೇರೆಡೆ ಹೋದಾಗ ಒಂದು ಅಡ್ಡಗೆರೆ. ರಿವಾಲ್ವರಿನವನ ಸಾಲಿನಲ್ಲಿ ಎರಡು ಅಡ್ಡಗೆರೆಗಳ ನಡುವೆ ಆರಕ್ಕಿಂತ ಹೆಚ್ಚು ಗೀಟು ಬಿದ್ದರೆ ಮಾತ್ರ ತಪ್ಪು ಖಚಿತ. ಕ್ಯಾಮೆರಾ ಹತ್ತು ಸೆಕೆಂಡು ಆಚೆ ಹೋಗಿದ್ದರೆ ಒಂದೆರಡು ತೋಟಾ ತುಂಬಿದ ಎಂದು ಬಿಟ್ಟುಬಿಡುವುದು ನ್ಯಾಯ. ಸೊಂಟದಲ್ಲಿ ಎರಡನೆಯ ರಿವಾಲ್ವರ್ ಇದೆಯೇ ಎಂದೂ ನೋಡಿ.

ಎಣಿಕೆಗಿಂತ ಬಿಗಿಯಾದ ಸಾಕ್ಷಿ ಹೆಬ್ಬೆರಳು. ಸಿಂಗಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹ್ಯಾಮರನ್ನು ಹಿಂದಕ್ಕೆ ಎಳೆಯಲೇಬೇಕು, ಬರೀ ಟ್ರಿಗರ್ ಒತ್ತಿದರೆ ಏನೂ ಆಗದು. ಬಂದೂಕು ಹತ್ತಿರದಿಂದ ಕಾಣುವ ಶಾಟ್‌ನಲ್ಲಿ ಹೆಬ್ಬೆರಳು ಅಲ್ಲಾಡದೆ ಎರಡನೆಯ ಸದ್ದು ಕೇಳಿದರೆ ಅದು ಶಬ್ದ ಸಂಕಲನಕಾರ ಸೇರಿಸಿದ ಗುಂಡು. ಫ್ರೇಮ್ ಫ್ರೇಮಾಗಿ ಸರಿಸಿ ನೋಡಿ. ಹೊಗೆಯ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 1890ರ ದಶಕಕ್ಕೆ ಮುಂಚೆ ಎಲ್ಲರದೂ ಕರಿಮದ್ದು, ಸಲೂನಿನೊಳಗೆ ಹತ್ತು ಗುಂಡು ಹಾರಿದರೆ ಎದುರಿಗಿದ್ದವನ ಮುಖವೇ ಕಾಣುತ್ತಿರಲಿಲ್ಲ. ಯಾವ ನಿರ್ದೇಶಕನೂ ಅದನ್ನು ಬಯಸುವುದಿಲ್ಲ, ಪ್ರತಿ ಚಿತ್ರಕ್ಕೂ ಅದನ್ನೇ ಬರೆಯುವುದು ಬೇಸರದ ಕೆಲಸ.

ಮಗುಚಿದ ಚಿತ್ರ

ಸಂಕಲನ ಮಾಡುವಾಗ ನಾಯಕ ಎಡಕ್ಕೆ ನೋಡಬೇಕಾದಲ್ಲಿ ಬಲಕ್ಕೆ ನೋಡುತ್ತಿದ್ದರೆ ಶಾಟನ್ನು ಕನ್ನಡಿಯಂತೆ ಮಗುಚಿ ಹಾಕುವುದುಂಟು. ಇದನ್ನು ಹಿಡಿಯಲು ಕೌಬಾಯ್ ಚಿತ್ರಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಆಯುಧಗಳಿಗೆ ಎಡ-ಬಲ ಇದೆ. ವಿಂಚೆಸ್ಟರಿನ ತೋಟಾ ಕಿಂಡಿ ಬಲಬದಿಗೆ. ಕೋಲ್ಟ್ ಸಿಂಗಲ್ ಆ್ಯಕ್ಷನ್ನಿನ ತೋಟಾ ಬಾಗಿಲೂ ಖಾಲಿ ಕೋಶ ತಳ್ಳುವ ಸರಳೂ ಬಲಬದಿಗೆ. ಗಂಡಸರ ಅಂಗಿಯ ಗುಂಡಿಗಳು ತೊಟ್ಟವನ ಬಲಕ್ಕೆ. ಈ ಮೂರರಲ್ಲಿ ಎರಡು ಎಡಕ್ಕೆ ಕಂಡರೆ ಶಾಟ್ ಮಗುಚಿದೆ.

ಒಂದಿಡೀ ದಂತಕಥೆಯೇ ಹೀಗೆ ಹುಟ್ಟಿದೆ. ಕುಖ್ಯಾತ ಬಂದೂಕುಗಾರ ಬಿಲ್ಲಿ ದಿ ಕಿಡ್‌ನ ಪ್ರಸಿದ್ಧ ಫೋಟೋ ತಗಡಿನ ಮೇಲೆ ತೆಗೆದದ್ದು. ಆ ವಿಧಾನದಲ್ಲಿ ಚಿತ್ರ ಮಗುಚಿಯೇ ಬರುತ್ತದೆ. ಅದರಲ್ಲಿ ರಿವಾಲ್ವರ್ ಎಡಸೊಂಟದಲ್ಲಿ ಕಾಣುವುದರಿಂದ ಅವನು ಎಡಗೈಯವನು ಎಂದು ಜನ ನಂಬಿದರು. ಪಾಲ್ ನ್ಯೂಮನ್ ನಟಿಸಿದ 1958ರ ಚಿತ್ರಕ್ಕೆ ‘ದಿ ಲೆಫ್ಟ್ ಹ್ಯಾಂಡೆಡ್ ಗನ್’ ಎಂದೇ ಹೆಸರಿಟ್ಟರು. ಅದೇ ಫೋಟೋದಲ್ಲಿ ಅವನ ಪಕ್ಕದ ವಿಂಚೆಸ್ಟರಿನ ಕಿಂಡಿಯೂ ಎಡಕ್ಕಿದೆ. ಅಂಥ ವಿಂಚೆಸ್ಟರ್ ಇಲ್ಲ. ತಪ್ಪು ಚಿತ್ರದ ಒಳಗಲ್ಲ, ಶೀರ್ಷಿಕೆಯಲ್ಲೇ ಇದೆ.

ಕಂಟಿನ್ಯೂಟಿ: ಶಾಟ್‌ನಿಂದ ಶಾಟ್‌ಗೆ ಹೊಂದಿಕೆ

ಒಂದು ಸಂಭಾಷಣೆಯನ್ನು ಸಾಮಾನ್ಯವಾಗಿ ಮೊದಲು ದೂರದಿಂದ ಪೂರ್ತಿ ಚಿತ್ರಿಸುತ್ತಾರೆ, ಆಮೇಲೆ ಒಬ್ಬನ ಮುಖ, ಆಮೇಲೆ ಕ್ಯಾಮೆರಾ ತಿರುಗಿಸಿ ಇನ್ನೊಬ್ಬನ ಮುಖ. ನಡುವೆ ಗಂಟೆಗಳು ಕಳೆಯುತ್ತವೆ, ಕೆಲವೊಮ್ಮೆ ದಿನವೇ. ಆದ್ದರಿಂದ ಒಂದೇ ಕೋನದ ಶಾಟ್‌ಗಳನ್ನು ಪರಸ್ಪರ ಹೋಲಿಸಿದರೆ ಏನೂ ಸಿಗುವುದಿಲ್ಲ, ಅವು ಒಂದೇ ಹೊತ್ತಿನವು. ಕೋನ ಬದಲಾಗುವ ಕಟ್‌ನಲ್ಲಿ ನಿಲ್ಲಿಸಿ, ಹಿಂದಿನ ಕೊನೆಯ ಫ್ರೇಮನ್ನೂ ಮುಂದಿನ ಮೊದಲ ಫ್ರೇಮನ್ನೂ ಹೋಲಿಸಿ.

ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಏನೂ ಕಾಣುವುದಿಲ್ಲ. ಒಂದು ಸಲಕ್ಕೆ ಒಂದೇ ವಸ್ತು. ಚುಟ್ಟಾದ ಉದ್ದ, ಗ್ಲಾಸಿನ ವಿಸ್ಕಿಯ ಮಟ್ಟ, ಟೋಪಿಯ ಓರೆ, ಕತ್ತಿನ ಕರವಸ್ತ್ರದ ಗಂಟು, ಗಾಯಗೊಂಡ ತೋಳು ಎಡವೋ ಬಲವೋ ಎಂಬುದು: ಇವು ಹೆಚ್ಚು ಫಲ ಕೊಡುವವು. ಶಬ್ದ ಆರಿಸಿ ನೋಡಿದರೆ ಕಥೆ ನಿಮ್ಮನ್ನು ಎಳೆದೊಯ್ಯುವುದಿಲ್ಲ.

ಕುದುರೆಗಳ ಮೇಲೆ ವಿಶೇಷ ಕಣ್ಣಿರಲಿ. ಮುಖ ಕಾಣುವ ಶಾಟ್‌ಗೆ ಒಂದು, ಓಟಕ್ಕೆ ಒಂದು, ಬೀಳುವುದಕ್ಕೆ ತರಬೇತಾದ ಇನ್ನೊಂದು ಕುದುರೆ ಇರುತ್ತಿತ್ತು. ಮೈಬಣ್ಣ ಹೊಂದಿಸುತ್ತಾರೆ, ಆದರೆ ಕಾಲಿನ ಬಿಳುಪನ್ನು ಹೊಂದಿಸುವುದು ಕಷ್ಟ. ನಾಲ್ಕು ಕಾಲುಗಳಲ್ಲಿ ಯಾವುದಕ್ಕೆ ಬಿಳಿ, ಅದು ಎಷ್ಟು ಎತ್ತರದವರೆಗೆ, ಹಣೆಯ ಪಟ್ಟೆ ಮೂಗಿನವರೆಗೆ ಇಳಿಯುತ್ತದೆಯೇ ಎಂದು ಚಿಕ್ಕ ಚಿತ್ರ ಬರೆದಿಟ್ಟುಕೊಳ್ಳಿ. ಕುದುರೆ ಬೀಳುವ ಶಾಟ್‌ನಲ್ಲಿ ಹತ್ತಕ್ಕೆ ಹಲವು ಸಲ ಆ ಚಿತ್ರ ಹೊಂದುವುದಿಲ್ಲ.

‘ಸ್ಟೇಜ್‌ಕೋಚ್’ನ ಬೆನ್ನಟ್ಟುವ ದೃಶ್ಯ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಒಣಗಿದ ಸರೋವರದ ನೆಲದ ಮೇಲೆ ಟೈರಿನ ಗುರುತು ಕಾಣುತ್ತದೆ. ಕ್ಯಾಮೆರಾ ಕಾರು ಅಲ್ಲೇ ಪಕ್ಕದಲ್ಲಿ ಓಡುತ್ತಿತ್ತಲ್ಲ. ಜೊತೆಗೆ ಬಂಡಿ ಬಲಕ್ಕೆ ಓಡುತ್ತಿದ್ದದ್ದು ಕಟ್ ಆದ ಮೇಲೆ ಎಡಕ್ಕೆ ಓಡುತ್ತದೆ. ಪರದೆಯ ಮೇಲೆ ಓಟದ ದಿಕ್ಕು ಹೀಗೆ ಬದಲಾಗಬಾರದು ಎಂಬುದು ರೂಢಿಯ ನಿಯಮ. ನಿರ್ದೇಶಕ ಜಾನ್ ಫೋರ್ಡ್‌ನಂಥವನು ಗೊತ್ತಿಲ್ಲದೆ ದಿಕ್ಕು ತಪ್ಪಿಸಿದ ಎನ್ನಲಾಗದು, ಅದನ್ನು ‘ನಿಯಮಭಂಗ’ ಎಂದು ಬರೆಯಿರಿ, ‘ತಪ್ಪು’ ಎಂದಲ್ಲ.

ಗಡಿಯಾರದ ಅಭ್ಯಾಸಕ್ಕೆ ‘ಹೈ ನೂನ್’ (1952). ಚಿತ್ರದ ಅವಧಿ ಸುಮಾರು 85 ನಿಮಿಷ, ಕಥೆಯ ಗಡಿಯಾರವೂ ಹತ್ತಿರ ಹತ್ತಿರ ಅದೇ ವೇಗದಲ್ಲಿ ನಡೆಯುತ್ತದೆ. ಗಡಿಯಾರ ಕಂಡಲ್ಲೆಲ್ಲ ಅದರ ಹೊತ್ತು ಒಂದು ಕಡೆ, ಚಿತ್ರದ ಟೈಮ್‌ಕೋಡ್ (ಶುರುವಿನಿಂದ ಕಳೆದ ಹೊತ್ತು) ಇನ್ನೊಂದು ಕಡೆ ಬರೆದು ವ್ಯತ್ಯಾಸ ಕಳೆಯಿರಿ. ಎಲ್ಲಿ ಹಿಗ್ಗಿದೆ, ಎಲ್ಲಿ ಕುಗ್ಗಿದೆ ಎಂಬುದು ಒಂದೇ ನೋಟಕ್ಕೆ ಬರುತ್ತದೆ. ಯಾವುದೇ ಚಿತ್ರದಲ್ಲಿ ಎರಡು ಊರುಗಳ ಗಡಿಯಾರ ಹೋಲಿಸುವಾಗ ಇಷ್ಟು ನೆನಪಿರಲಿ: ಅಮೆರಿಕದ ರೈಲುಗಳು ಏಕರೂಪದ ಕಾಲವಲಯಕ್ಕೆ ಬಂದದ್ದು 1883ರ ನವೆಂಬರ್ 18ರಂದು. ಅದಕ್ಕೆ ಮುಂಚೆ ಊರಿಗೊಂದು ಹೊತ್ತು.

ತಪ್ಪಲ್ಲದ ತಪ್ಪುಗಳು

ಬಂಡಿಯ ಗಾಲಿ ಹಿಂದಕ್ಕೆ ತಿರುಗುವುದು ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಅದು ಕ್ಯಾಮೆರಾದ ಗುಣ. ಸೆಕೆಂಡಿಗೆ 24 ಫ್ರೇಮ್, ಗಾಲಿಗೆ 14 ಕಡ್ಡಿ ಎಂದುಕೊಳ್ಳಿ. ಒಂದು ಫ್ರೇಮಿನಿಂದ ಮುಂದಿನದಕ್ಕೆ ಗಾಲಿ ಸರಿಯಾಗಿ ಒಂದು ಕಡ್ಡಿಯಷ್ಟು ತಿರುಗಿದರೆ ನಿಂತಂತೆ ಕಾಣುತ್ತದೆ, 1.2 ಮೀಟರ್ ವ್ಯಾಸದ ಗಾಲಿಗೆ ಅದು ಗಂಟೆಗೆ ಸುಮಾರು 23 ಕಿಲೋಮೀಟರ್ ವೇಗ. ಅದಕ್ಕಿಂತ ತುಸು ನಿಧಾನವಾದರೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ.

ಮೇಲಂಚಿನಲ್ಲಿ ಇಳಿಬಿದ್ದ ಮೈಕು ಇನ್ನೊಂದು. 1953ರ ನಂತರದ ಎಷ್ಟೋ ಚಿತ್ರಗಳನ್ನು ಚೌಕಟ್ಟು ಎತ್ತರವಾಗಿ ಚಿತ್ರಿಸಿ, ಥಿಯೇಟರಿನಲ್ಲಿ ಮೇಲೆ ಕೆಳಗೆ ಮುಚ್ಚಿ ಅಗಲವಾಗಿ ತೋರಿಸುತ್ತಿದ್ದರು. ಟಿವಿಗೆ ತಂದಾಗ ಮುಚ್ಚಿದ್ದು ತೆರೆದುಕೊಂಡಿತು, ಮೈಕು ಹೊರಬಂತು. ಅಗಲ ಪರದೆಯ ಪ್ರತಿಯಲ್ಲೂ ಕಂಡರೆ ಮಾತ್ರ ಬರೆಯಿರಿ. ರಾತ್ರಿಯ ದೃಶ್ಯದಲ್ಲಿ ಚೂಪಾದ ನೆರಳು ಕಂಡರೆ ಅದು ಹಗಲಿನಲ್ಲಿ ಬೆಳಕು ಕುಗ್ಗಿಸಿ ಚಿತ್ರಿಸಿದ್ದು. ಆ ಕಾಲದ ಫಿಲ್ಮಿಗೆ ಬಯಲಿನ ರಾತ್ರಿ ದಕ್ಕುತ್ತಿರಲಿಲ್ಲ. ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಚಿತ್ರದ ಬಡ ರೈತರ ಬಟ್ಟೆ ಸದಾ ಬೆಳ್ಳಗಿರುವುದಕ್ಕೆ ಕಾರಣ ಮೆಕ್ಸಿಕೋದ ಸೆನ್ಸಾರ್‌ನವರ ಷರತ್ತು.

ನೆಲ, ಗಿಡ, ಬಾವುಟ, ಬಟ್ಟೆ

ಕೈ ಎತ್ತಿ ನಿಂತಂತಿರುವ ಸಗ್ವಾರೋ ಕಳ್ಳಿ ಬೆಳೆಯುವುದು ಸೊನೊರಾ ಮರುಭೂಮಿಯಲ್ಲಿ ಮಾತ್ರ, ಅಂದರೆ ದಕ್ಷಿಣ ಅರಿಜೋನಾ, ಮೆಕ್ಸಿಕೋದ ಸೊನೊರಾ, ಕ್ಯಾಲಿಫೋರ್ನಿಯಾದ ಒಂದು ಚೂರು. ಟೆಕ್ಸಸ್‌ನಲ್ಲಿ ಕಂಡರೆ ತಪ್ಪು. ಬೀದಿಯಲ್ಲಿ ಉರುಳಿ ಬರುವ ಒಣಗಿಡ ರಷ್ಯದ ಮುಳ್ಳುಗಿಡ. 1870ರ ದಶಕದಲ್ಲಿ ಅಗಸೆ ಬೀಜದೊಂದಿಗೆ ದಕ್ಷಿಣ ಡಕೋಟಾಕ್ಕೆ ಬಂತು. 1865ರ ಅರಿಜೋನಾದಲ್ಲಿ ಅದು ಉರುಳುವಂತಿಲ್ಲ. ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳು ಅರಿಜೋನಾ-ಯೂಟಾ ಗಡಿಯಲ್ಲಿವೆ. ‘ದಿ ಸರ್ಚರ್ಸ್’ನಲ್ಲಿ ಅವೇ ಟೆಕ್ಸಸ್, ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ನಲ್ಲಿ ಅವೇ ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಟೂಂಬ್‌ಸ್ಟೋನ್. ಅಲ್ಲಿಯ ನವಾಹೊ ಜನರೇ ಕೊಮಾಂಚಿ ಆಗುತ್ತಾರೆ, ಅಪಾಚಿ ಆಗುತ್ತಾರೆ, ಮಾತಾಡುವುದು ನವಾಹೊ ಭಾಷೆ. ‘ಟ್ರೂ ಗ್ರಿಟ್’ (1969) ಕಥೆ ಸಾವಿರ ಮೀಟರ್ ಕೂಡ ಏರದ ಒಕ್ಲಹೋಮಾದ ಗುಡ್ಡಗಳದ್ದು, ಪರದೆಯ ಮೇಲಿರುವುದು ಹಿಮ ಹೊತ್ತ ಕೊಲೊರಾಡೊ.

ಬಾವುಟದ ನಕ್ಷತ್ರಗಳನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ, ಗಾಳಿ ಬಿಡುವುದಿಲ್ಲ. ಸಾಲು ನೋಡಿ. ಎಂಟೆಂಟರ ಆರು ನೇರ ಸಾಲಿದ್ದರೆ 48 ನಕ್ಷತ್ರ, 1912ರಿಂದ 1959ರವರೆಗಿನ ಬಾವುಟ. ಆ ಅವಧಿಯ ಸ್ಟುಡಿಯೋಗಳಲ್ಲಿ ಸುಲಭವಾಗಿ ಕೈಗೆ ಸಿಗುತ್ತಿದ್ದುದೂ ಇದೇ. 1867ರಿಂದ 37, 1877ರಿಂದ 38, 1890ರಿಂದ 43 ಇರಬೇಕು. 1912ಕ್ಕೆ ಮುಂಚೆ ಜೋಡಣೆಗೆ ನಿಯಮವಿರಲಿಲ್ಲ, ಹಾಗಾಗಿ ವಿಚಿತ್ರ ಜೋಡಣೆ ಕಂಡ ಮಾತ್ರಕ್ಕೆ ತಪ್ಪೆನ್ನಬೇಡಿ. ಬಟ್ಟೆಯಲ್ಲಿ ಜಿಪ್ಪು 1913ರ ಈಚಿನದು, ಲೀವೈಸ್ ಪ್ಯಾಂಟಿಗೆ ಬೆಲ್ಟಿನ ಕುಣಿಕೆ ಬಂದದ್ದು 1922ರಲ್ಲಿ, ಎರಡನೆಯ ಹಿಂಜೇಬು 1901ರಲ್ಲಿ. ಮುಳ್ಳುತಂತಿಗೆ ಗ್ಲಿಡನ್ ಪೇಟೆಂಟ್ ಪಡೆದದ್ದು 1874ರಲ್ಲಿ.

ಇತಿಹಾಸ ತಿರುಚಿದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಟೂಂಬ್‌ಸ್ಟೋನ್‌ನ ಓ.ಕೆ. ಕೊರಾಲ್ ಎಂಬ ಕುದುರೆದೊಡ್ಡಿಯ ಹೆಸರು ಹೊತ್ತ, ಅರ್ಪ್ ಸೋದರರಿಗೂ ಕ್ಲ್ಯಾಂಟನ್ ಗುಂಪಿಗೂ ನಡುವಿನ ಕಾಳಗ ನಡೆದದ್ದು 1881ರ ಅಕ್ಟೋಬರ್ 26ರಂದು, ಸುಮಾರು 30 ಸೆಕೆಂಡು, ಅದೂ ಕೊರಾಲ್‌ನಲ್ಲಲ್ಲ, ಪಕ್ಕದ ಫೋಟೋ ಸ್ಟುಡಿಯೋ ಬಳಿಯ ಇಕ್ಕಟ್ಟಾದ ಖಾಲಿ ಜಾಗದಲ್ಲಿ. ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ ಇದನ್ನು 1882ಕ್ಕೆ ತಳ್ಳುತ್ತದೆ, ದಂತವೈದ್ಯ ಡಾಕ್ ಹಾಲಿಡೇಯನ್ನು ಶಸ್ತ್ರವೈದ್ಯ ಮಾಡಿ ಅಲ್ಲೇ ಕೊಲ್ಲುತ್ತದೆ. ಅವನು ಸತ್ತದ್ದು 1887ರಲ್ಲಿ ಕೊಲೊರಾಡೊದಲ್ಲಿ, ಕ್ಷಯದಿಂದ. ಚಿತ್ರದಲ್ಲಿ ಮೊದಲೇ ಕೊಲೆಯಾಗುವ ಜೇಮ್ಸ್ ಅರ್ಪ್ 1926ರವರೆಗೆ ಬದುಕಿದ್ದ, ಖಳನಾದ ಮುದುಕ ಕ್ಲ್ಯಾಂಟನ್ ಕಾಳಗಕ್ಕೆ ಎರಡು ತಿಂಗಳ ಮುಂಚೆಯೇ ಸತ್ತಿದ್ದ. ಇವು ಬರಹಗಾರರ ಆಯ್ಕೆ, ಕಣ್ತಪ್ಪಲ್ಲ. ಟೈರಿನ ಗುರುತಿನ ಪಕ್ಕ ಕೂರಿಸಬೇಡಿ. ‘ರೆಡ್ ರಿವರ್’ (1948) ನಡುವಿನ ಜಾತಿ: 1865ರ ಹೊತ್ತಿಗೆ ದನಗಳನ್ನು ಕ್ಯಾನ್ಸಸ್‌ನ ಆಬಿಲೀನ್‌ ಊರಿನ ರೈಲಿಗೆ ಹೊಡೆದೊಯ್ಯುತ್ತಾರೆ, ರೈಲು ಅಲ್ಲಿಗೆ ಬಂದದ್ದು 1867ರಲ್ಲಿ.

ಟಿಪ್ಪಣಿ ಬರೆಯುವುದು

ಪ್ರತಿ ಟಿಪ್ಪಣಿಗೂ ಟೈಮ್‌ಕೋಡ್, ಶಾಟ್‌ನ ಒಂದು ಸಾಲಿನ ವಿವರ, ಕಂಡದ್ದೇನು, ಇರಬೇಕಾದದ್ದೇನು, ಯಾವ ಪ್ರತಿ ನೋಡಿದಿರಿ ಎಂಬುದು ಬೇಕು. ಪ್ರತಿಯ ಹೆಸರು ಬಿಟ್ಟರೆ ಉಳಿದದ್ದು ಕೆಲಸಕ್ಕೆ ಬಾರದು. ಪಾಲ್ (PAL) ಎಂಬ ಟಿವಿ ಪದ್ಧತಿಯ ಹಳೆಯ ಡಿವಿಡಿಗಳಲ್ಲಿ ಚಿತ್ರ ಸೆಕೆಂಡಿಗೆ 25 ಫ್ರೇಮಿನಂತೆ ಓಡುತ್ತದೆ; 120 ನಿಮಿಷದ ಚಿತ್ರ 115 ನಿಮಿಷ 12 ಸೆಕೆಂಡಿಗೇ ಮುಗಿಯುತ್ತದೆ. ಅದರ ಟೈಮ್‌ಕೋಡನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿದರೆ ಬ್ಲೂರೇ ಪ್ರತಿಯ ಹೊತ್ತು ಸಿಗುತ್ತದೆ. ದೃಶ್ಯ ಸೇರಿಸಿದ ಅಥವಾ ಕತ್ತರಿಸಿದ ಆವೃತ್ತಿಯಾದರೆ ಈ ಲೆಕ್ಕವೂ ಕೈಕೊಡುತ್ತದೆ, ಆಗ ಹಿಂದಿನ ಸಂಭಾಷಣೆಯ ಕೊನೆಯ ಮಾತನ್ನು ಬರೆದಿಡುವುದೇ ದಾರಿ.